ಹೋಮ್‌ಸ್ಟೆಡ್ ಹೈಸ್ಕೂಲ್: ಏಳನೇ ಓಟಗಾರ್ತಿಯ ಅಮ್ಮ ಕಂಡಂತೆ

ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿ ಕ್ಯುಪರ್ಟಿನೊ, ಸನ್ನಿವೇಲ್ ಕಡೆ ಮನೆ ನೋಡುತ್ತಿರುವ ಕನ್ನಡದವರು ಫೋನ್ ಮಾಡಿದರೆ, ಬಾಡಿಗೆ ಎಷ್ಟು ಅನ್ನುವುದಕ್ಕಿಂತ ಮೊದಲು ಯಾವ ಹೈಸ್ಕೂಲು ಬರುತ್ತದೆ ಅಂತ ಕೇಳುತ್ತಾರೆ. ನಮ್ಮ ಮಗಳು ಹೋಮ್‌ಸ್ಟೆಡ್‌ನಲ್ಲಿ ಓದಿದಳು ಅಂದರೆ ಮರುಮಾತು ಒಂದೇ: “ಓ, ಸ್ಟೀವ್ ಜಾಬ್ಸ್ ಓದಿದ ಸ್ಕೂಲಾ?” ಹೌದು, ಅದೇ. ಆದರೆ 2019ರಿಂದ 2023ರವರೆಗೆ ಆ ಶಾಲೆಯ ಮುಂದೆ ಕಾರು ನಿಲ್ಲಿಸಿಕೊಂಡು ಎಷ್ಟೋ ಸಂಜೆ ಕಾದವಳು ನಾನು. ನನಗೆ ಹೇಳಬೇಕು ಅನ್ನಿಸುವುದು ಬೇರೆಯೇ ಇದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸಾಕಾಗಿದೆ, ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಜಾಗ. ಶಾಲೆ ಇರುವುದು ಹೋಮ್‌ಸ್ಟೆಡ್ ರಸ್ತೆಯಲ್ಲಿ. ಶಾಲೆ ಕ್ಯುಪರ್ಟಿನೊಗೆ ಸೇರಿದ್ದು, ರಸ್ತೆ ದಾಟಿದರೆ ಸನ್ನಿವೇಲ್. ಹಿಂಭಾಗದಲ್ಲಿ 280 ಹೆದ್ದಾರಿ. ಅದರ ಮೇಲೆ 2009ರಲ್ಲಿ ಕಟ್ಟಿದ ಸೈಕಲ್ ಸೇತುವೆ ಇದೆ. ಬಿಳಿ ಕೇಬಲ್‌ಗಳಿಂದ ಹಿಡಿದು ನಿಲ್ಲಿಸಿದ, ಕಾರಿಗೆ ಪ್ರವೇಶವೇ ಇಲ್ಲದ ಸೇತುವೆ. ಅದರ ಮೇಲೆ ನಿಂತು ಕೆಳಗೆ ಹರಿಯುವ ಕಾರುಗಳನ್ನು ನೋಡುವುದು ನನಗೆ ಇವತ್ತಿಗೂ ಇಷ್ಟ. ಅದೇ ಹೋಮ್‌ಸ್ಟೆಡ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಆ್ಯಪಲ್ ಕಂಪನಿಯ ಉಂಗುರದಂಥ ಕಟ್ಟಡ ಸಿಗುತ್ತದೆ. ಶಾಲೆ ಶುರುವಾದದ್ದು 1962ರಲ್ಲಿ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿನ ಐದು ಶಾಲೆಗಳಲ್ಲಿ ಇದೊಂದು. ಉಳಿದವು ಫ್ರೀಮಾಂಟ್, ಕ್ಯುಪರ್ಟಿನೊ, ಲಿನ್‌ಬ್ರೂಕ್, ಮೊಂಟಾ ವಿಸ್ಟಾ. ಒಂಬತ್ತರಿಂದ ಹನ್ನೆರಡನೇ ತರಗತಿ, ಎರಡು ಸಾವಿರ ದಾಟಿದ ಮಕ್ಕಳು, ಪಬ್ಲಿಕ್ ಸ್ಕೂಲ್, ಫೀಸಿಲ್ಲ.

ಫೀಸಿಲ್ಲ ಅನ್ನುವುದನ್ನು ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಶಾಲೆಗೆ ಹಣ ಬರುವುದು ಬಹುಪಾಲು ಸುತ್ತಲಿನ ಮನೆಗಳ ಆಸ್ತಿ ತೆರಿಗೆಯಿಂದ. ಸೇರಬೇಕಾದರೆ ಆ ಗಡಿಯೊಳಗೆ ವಾಸವಿರಬೇಕು. ಲೀಸ್ ಪತ್ರ, ಕರೆಂಟ್ ಬಿಲ್ಲು ತೋರಿಸಬೇಕು. ಕ್ಯುಪರ್ಟಿನೊದಲ್ಲಿ ಸಾಧಾರಣ ಮನೆಯ ಬೆಲೆಯೇ 20 ಲಕ್ಷ ಡಾಲರ್ ಮೀರುತ್ತದೆ. ನಮಗೆ ಅದು ಆಗದ ಮಾತು. ಸನ್ನಿವೇಲ್ ಬದಿಯಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ತಿಂಗಳಿಗೆ 3,400 ಡಾಲರ್ ಬಾಡಿಗೆ ಕಟ್ಟಿದೆವು. ಶಾಲೆಯ ನಿಜವಾದ ಫೀಸು ಅದೇ. ನಾನು ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಆ ಅರ್ಧ ಕಳೆದಿರುವುದು ಈ ವ್ಯವಸ್ಥೆಗೆ, ಪಾಠ ಹೇಳಿದವರಿಗಲ್ಲ. ಎಲ್ಲರಿಗೂ ತೆರೆದ ಶಾಲೆಯ ಗೇಟಿಗೆ ಬಾಡಿಗೆಯ ಬೀಗ ಇರುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಈಗ ಹಳೆಯ ವಿದ್ಯಾರ್ಥಿಗಳ ವಿಚಾರ. ಜಾಬ್ಸ್ ಜೊತೆ ಆ್ಯಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ 1968ರಲ್ಲಿ ಓದು ಮುಗಿಸಿದವರು, ಸ್ಟೀವ್ ಜಾಬ್ಸ್ 1972ರಲ್ಲಿ. ಇಬ್ಬರನ್ನೂ ಪರಿಚಯ ಮಾಡಿಸಿದ್ದು ಇದೇ ಶಾಲೆಯ ಬಿಲ್ ಫರ್ನಾಂಡಿಸ್, 1971ರಲ್ಲಿ. ಮುಂದೆ ಆ್ಯಪಲ್‌ನ ಮೊದಲ ಪೂರ್ಣಾವಧಿ ನೌಕರನಾದದ್ದೂ ಅವರೇ. ಜಾಬ್ಸ್ ಮೌಂಟನ್ ವ್ಯೂದ ಶಾಲೆಯಲ್ಲಿ ಮಕ್ಕಳ ಕಾಟ ತಡೆಯಲಾರದೆ ಇನ್ನು ಅಲ್ಲಿಗೆ ಹೋಗುವುದಿಲ್ಲ ಅಂತ ಹಟ ಹಿಡಿದರಂತೆ. ಆಗ ತಂದೆತಾಯಿ ಇದ್ದಬದ್ದ ದುಡ್ಡು ಒಟ್ಟುಮಾಡಿ ಲಾಸ್ ಆಲ್ಟೋಸ್‌ನ ಕ್ರಿಸ್ಟ್ ಡ್ರೈವಿನಲ್ಲಿ ಮನೆ ಕೊಂಡರು. ಆ ಮನೆ ಬಿದ್ದದ್ದು ಈ ಶಾಲೆಯ ಗಡಿಯೊಳಗೆ, ಆ್ಯಪಲ್‌ನ ಪ್ರಸಿದ್ಧ ಗ್ಯಾರೇಜ್ ಇರುವುದು ಆ ಮನೆಯದ್ದೇ. ಅಂದರೆ ಮಗನ ಶಾಲೆಗಾಗಿ ಮನೆ ಬದಲಿಸುವುದು ಈ ಊರಿನಲ್ಲಿ ಆಗಲೂ ಇತ್ತು. ಇದನ್ನು ಓದಿದ ದಿನ ನನ್ನ ಬಾಡಿಗೆಯ ಸಂಕಟ ಸ್ವಲ್ಪ ಹಗುರವಾಯಿತು.

ಆದರೆ ಈ ಕಥೆಯಲ್ಲಿ ನನಗೆ ದೊಡ್ಡವರಾಗಿ ಕಾಣುವವರು ಜಾನ್ ಮೆಕಾಲಮ್. ನೌಕಾಪಡೆಯಲ್ಲಿದ್ದು ಬಂದು ಈ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಮೇಷ್ಟ್ರು. ವೋಜ್ನಿಯಾಕ್‌ಗೆ ತರಗತಿಯ ಪಾಠ ಸಾಲದು ಅಂತ ಕಂಡಾಗ ಆ ಹುಡುಗನನ್ನು ವಾರಕ್ಕೊಮ್ಮೆ ಸನ್ನಿವೇಲ್‌ನ ಸಿಲ್ವೇನಿಯಾ ಕಂಪನಿಗೆ ಕಳಿಸಿ ಕಂಪ್ಯೂಟರಿನ ಮುಂದೆ ಕೂರುವ ಏರ್ಪಾಟು ಮಾಡಿದರು. ಅದು 1960ರ ದಶಕ, ಕಂಪ್ಯೂಟರನ್ನು ಕಣ್ಣಲ್ಲಿ ನೋಡಿದವರೇ ಕಡಿಮೆ. ಸರಕಾರಿ ಸಂಬಳದ ಒಬ್ಬ ಮೇಷ್ಟ್ರು ತನಗೆ ಗೊತ್ತಿಲ್ಲದ್ದನ್ನು ಕಲಿಯಲಿ ಅಂತ ಗೊತ್ತಿರುವವರ ಹತ್ತಿರ ಹುಡುಗನನ್ನು ಕಳಿಸುತ್ತಾರೆ. ಜಾಬ್ಸ್ ಅದೇ ತರಗತಿಯಲ್ಲಿ ಒಂದೇ ವರ್ಷ ಕೂತು ಬಿಟ್ಟುಹೋದರು, ಮೇಷ್ಟ್ರಿಗೂ ಅವರಿಗೂ ಹೊಂದಲಿಲ್ಲ. ಅದೂ ನನಗೆ ಮುಖ್ಯ. ಒಂದು ಶಾಲೆ ಎಲ್ಲ ಮಕ್ಕಳಿಗೂ ಒಂದೇ ಬಾಗಿಲಿನಿಂದ ಒದಗುವುದಿಲ್ಲ.

ವೋಜ್ನಿಯಾಕ್‌ರ ಇನ್ನೊಂದು ಕಥೆಯನ್ನು ಮಗಳು ಒಂಬತ್ತನೇ ತರಗತಿ ಸೇರಿದ ವಾರವೇ ಮನೆಗೆ ತಂದಳು. ಟಿಕ್ ಟಿಕ್ ಅನ್ನುವ ಯಂತ್ರವೊಂದಕ್ಕೆ ಬ್ಯಾಟರಿ ಕಟ್ಟಿ, ಬಾಂಬಿನ ಹಾಗೆ ಕಾಣುವಂತೆ ಮಾಡಿ ಗೆಳೆಯನ ಲಾಕರಿನಲ್ಲಿ ಇಟ್ಟಿದ್ದರು. ಪ್ರಿನ್ಸಿಪಾಲರು ಅದನ್ನು ಎದೆಗವಚಿಕೊಂಡು ಫುಟ್‌ಬಾಲ್ ಮೈದಾನಕ್ಕೆ ಓಡಿ ತಂತಿ ಕಿತ್ತರು. ಹುಡುಗ ಒಂದು ರಾತ್ರಿ ಬಾಲಬಂಧನದಲ್ಲಿ ಕಳೆದ. ಮಕ್ಕಳಿಗೆ ಈ ಕಥೆಯಲ್ಲಿ ವೋಜ್ನಿಯಾಕ್ ಇಷ್ಟ. ನನಗೆ ಮಕ್ಕಳಿಂದ ದೂರ, ಖಾಲಿ ಮೈದಾನದತ್ತ ಓಡಿದ ಆ ಪ್ರಿನ್ಸಿಪಾಲರು.

ಮೈದಾನದ ಮಾತು ಬಂತಲ್ಲ, ಆಟಕ್ಕೆ ಬರುತ್ತೇನೆ. ಇಲ್ಲಿನ ಶಾಲಾ ತಂಡಗಳಿಗೆ ಮಸ್ಟ್ಯಾಂಗ್ಸ್ ಅಂತ ಹೆಸರು, ಕಾಡುಕುದುರೆಗಳು. ಹಸಿರು, ಬಿಳಿ ಬಣ್ಣ. ವರ್ಷಕ್ಕೆ ಮೂರು ಋತು. ಆಗಸ್ಟಿನಿಂದ ನವೆಂಬರ್‌ವರೆಗೆ ಫುಟ್‌ಬಾಲ್ (ಅಮೆರಿಕದ್ದು, ನಮ್ಮ ಫುಟ್‌ಬಾಲಿಗೆ ಇಲ್ಲಿ ಸಾಕರ್ ಅನ್ನುತ್ತಾರೆ), ಕ್ರಾಸ್ ಕಂಟ್ರಿ (ಗುಡ್ಡ, ಮಣ್ಣಿನ ದಾರಿಯ ದೂರದ ಓಟ), ವಾಟರ್ ಪೋಲೊ, ಹುಡುಗಿಯರ ವಾಲಿಬಾಲ್. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್, ಸಾಕರ್, ಕುಸ್ತಿ. ವಸಂತದಲ್ಲಿ ಟ್ರ್ಯಾಕ್, ಈಜು, ಬೇಸ್‌ಬಾಲ್, ಬ್ಯಾಡ್ಮಿಂಟನ್. ಹುಡುಗಿಯರ ಹಾಕಿಯೂ ಇದೆ, ಆದರೆ ಬರೀ ‘ಹಾಕಿ’ ಅಂದರೆ ಇಲ್ಲಿನವರು ಮಂಜುಗಡ್ಡೆಯ ಆಟ ಅಂದುಕೊಳ್ಳುತ್ತಾರೆ, ‘ಫೀಲ್ಡ್ ಹಾಕಿ’ ಅನ್ನಬೇಕು. ನಮ್ಮವರ ಮಕ್ಕಳು ಹೆಚ್ಚಾಗಿ ಮುಗಿಬೀಳುವುದು ಬ್ಯಾಡ್ಮಿಂಟನ್‌ಗೆ. ಹುಡುಗರು ಹುಡುಗಿಯರು ಒಂದೇ ತಂಡವಾಗಿ ಆಡುವ ಆಟ ಅದು. ಈ ಕಣಿವೆಯಲ್ಲಿ ಆರು ವರ್ಷಕ್ಕೇ ರಾಕೆಟ್ ಹಿಡಿದು ಕ್ಲಬ್ಬಿಗೆ ಹೋದ ಮಕ್ಕಳು ಎಷ್ಟೊಂದು ಇದ್ದಾರೆಂದರೆ, ಹೈಸ್ಕೂಲಿಗೆ ಬಂದ ಮೇಲೆ ಕಲಿಯೋಣ ಅನ್ನುವವರಿಗೆ ತಂಡದಲ್ಲಿ ಜಾಗ ಸಿಗುವುದು ಕಷ್ಟ. ಇದನ್ನು ಮೊದಲೇ ತಿಳಿದುಕೊಳ್ಳಿ, ಮಗುವಿಗೆ ಸುಮ್ಮನೆ ಆಸೆ ಹುಟ್ಟಿಸಬೇಡಿ.

ಫುಟ್‌ಬಾಲ್ ಬಗ್ಗೆ ನನಗೆ ಅಷ್ಟು ಗೊತ್ತಾಗುವುದಿಲ್ಲ. ಶುಕ್ರವಾರ ರಾತ್ರಿ ದೀಪದ ಕೆಳಗೆ ಬ್ಯಾಂಡಿನವರು ನುಡಿಸುವಾಗ ಮೈ ಜುಮ್ಮೆನ್ನುತ್ತದೆ, ಅಷ್ಟು ಸಾಕು. ಆದರೆ ಈ ಮೈದಾನದಿಂದ ಹೋಗಿ ಹೆಸರು ಮಾಡಿದವರೊಬ್ಬರಿದ್ದಾರೆ. ಶಾನ್ ಡಾಕಿನ್ಸ್. ಇಲ್ಲಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಿ, ವೃತ್ತಿಪರ ಫುಟ್‌ಬಾಲಿನ ಲೀಗ್ ಎನ್‌ಎಫ್‌ಎಲ್ 1993ರಲ್ಲಿ ಮಾಡಿದ ಆಟಗಾರರ ಆಯ್ಕೆಯಲ್ಲಿ 16ನೆಯವರಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಸೇರಿದರು. ಜಾಬ್ಸ್ ಹೆಸರು ಕೇಳಿದವರಲ್ಲಿ ನೂರಕ್ಕೊಬ್ಬರೂ ಇವರ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ದೇಶಕ್ಕೆಲ್ಲ 16ನೆಯವನಾಗಿ ಆಯ್ಕೆಯಾಗುವುದು ಸಣ್ಣ ಸಂಗತಿಯೇ?

ನನ್ನ ಮಗಳಿಗೆ ಸಿಕ್ಕಿದ್ದು ಕ್ರಾಸ್ ಕಂಟ್ರಿ. ಸಿಕ್ಕಿದ್ದು ಅಂತ ಯಾಕೆ ಹೇಳುತ್ತೇನೆಂದರೆ, ಅವಳಿಗೆ ಆಯ್ಕೆಯ ಪರೀಕ್ಷೆಯಿಲ್ಲದ ಆಟ ಬೇಕಿತ್ತು. ಬೇರೆ ಆಟಗಳಲ್ಲಿ ಮೂರು ದಿನ ನೋಡಿ ಹೆಸರಿನ ಪಟ್ಟಿ ಹಾಕುತ್ತಾರೆ. ಇಲ್ಲಿ ಬಂದವರೆಲ್ಲ ತಂಡ, ದಿನಾ ಬಂದು ಓಡಿದರೆ ಸಾಕು. ಎಂಟನೇ ತರಗತಿಯವರೆಗೆ ಬಸ್ಸಿಗೂ ಓಡದಿದ್ದ ಹುಡುಗಿ. ಮೊದಲ ವಾರ ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ನೆಲದ ಮೇಲೆ ಮಲಗಿಬಿಡುತ್ತಿದ್ದಳು. ನಾನು ಬಿಸಿನೀರು ಕಾಯಿಸಿ ಕಾಲಿಗೆ ಹಾಕುತ್ತಾ, ಬೇಡ ಅಂದರೆ ಬಿಟ್ಟುಬಿಡು ಮಗಳೇ ಅಂದೆ. ನಾಳೆ ಬಿಡ್ತೀನಿ ಅಂದಳು. ಹೀಗೆ ನಾಲ್ಕು ವರ್ಷ.

ಈ ಆಟದ ಲೆಕ್ಕವನ್ನು ವಿವರಿಸಬೇಕು, ಯಾಕೆಂದರೆ ನನಗೆ ಈ ಶಾಲೆ ಹಿಡಿಸಿದ್ದಕ್ಕೂ ಅದಕ್ಕೂ ಸಂಬಂಧ ಇದೆ. ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ತಂಡದ ಓಟಕ್ಕೆ ಒಂದು ಶಾಲೆಯಿಂದ ಏಳು ಜನ. ಗುರಿ ಮುಟ್ಟಿದ ಸ್ಥಾನವೇ ಅಂಕ: ಮೊದಲು ಬಂದವಳಿಗೆ 1, ಹತ್ತನೆಯವಳಿಗೆ 10. ತಂಡದ ಮೊದಲ ಐವರ ಅಂಕ ಕೂಡಿಸುತ್ತಾರೆ, ಮೊತ್ತ ಕಡಿಮೆ ಬಂದ ತಂಡ ಗೆದ್ದ ಹಾಗೆ. ಒಂದೇ ಶಾಲೆಯವರು ಮೊದಲ ಐದೂ ಸ್ಥಾನ ಹಿಡಿದರೆ 15, ಅದಕ್ಕಿಂತ ಒಳ್ಳೆಯ ಮೊತ್ತ ಇಲ್ಲ. ಆರನೆಯವಳ, ಏಳನೆಯವಳ ಅಂಕವನ್ನು ಕೂಡಿಸುವುದಿಲ್ಲ. ಹಾಗಂತ ಅವರ ಓಟ ವ್ಯರ್ಥವಲ್ಲ. ಎದುರು ತಂಡದ ಐವರಲ್ಲಿ ಒಬ್ಬಳನ್ನು ನಮ್ಮ ಏಳನೆಯವಳು ಹಿಂದೆ ಹಾಕಿದರೆ ಆ ಹುಡುಗಿಯ ಸ್ಥಾನ ಒಂದು ಕೆಳಗಿಳಿಯುತ್ತದೆ, ಅವರ ಮೊತ್ತ ಒಂದು ಏರುತ್ತದೆ. ತನಗೆ ಅಂಕವಿಲ್ಲದೆ ತಂಡಕ್ಕಾಗಿ ಓಡುವ ಜಾಗ ಅದು. ಏಳರೊಳಗೆ ಬರದವರಿಗೆ ಜೂನಿಯರ್ ವಾರ್ಸಿಟಿ ಓಟ. ಮಗಳು ಮೂರು ವರ್ಷ ಓಡಿದ್ದು ಅಲ್ಲೇ.

ಓಟ ನಡೆಯುವ ಜಾಗಗಳಲ್ಲಿ ಬೆಲ್ಮಾಂಟ್‌ನ ಕ್ರಿಸ್ಟಲ್ ಸ್ಪ್ರಿಂಗ್ಸ್ ನೀವು ನೋಡಲೇಬೇಕು. ಗುಡ್ಡದ ಮೇಲೆ 2.95 ಮೈಲಿಯ ಮಣ್ಣಿನ ದಾರಿ. ಮರ ಕಡಿಮೆ, ಒಣಹುಲ್ಲು, ಧೂಳು. ನೂರು ಚಿಲ್ಲರೆ ಹುಡುಗಿಯರು ಒಟ್ಟಿಗೆ ಹೊರಟಾಗ ಎದ್ದ ಧೂಳು ಅವರು ಹೋದ ಎಷ್ಟೋ ಹೊತ್ತಿಗೆ ಇಳಿಯುತ್ತದೆ. ಮಕ್ಕಳು ಗುಡ್ಡದ ತಿರುವಿನಲ್ಲಿ ಮರೆಯಾಗುತ್ತಾರೆ, ಅಪ್ಪ ಅಮ್ಮಂದಿರು ಅಡ್ಡ ಹಾದಿ ಹಿಡಿದು ಇನ್ನೊಂದು ಕಡೆಗೆ ಏದುಸಿರು ಬಿಡುತ್ತಾ ಹೋಗಿ ನಿಲ್ಲುತ್ತಾರೆ. ಟೋಪಿ, ನೀರು, ಮಡಿಸುವ ಕುರ್ಚಿ ತೆಗೆದುಕೊಂಡು ಹೋಗಿ. ರಾಜ್ಯಮಟ್ಟದ ಓಟ ಫ್ರೆಸ್ನೊದ ವುಡ್‌ವರ್ಡ್ ಪಾರ್ಕಿನಲ್ಲಿ, ನವೆಂಬರ್ ಕೊನೆಯಲ್ಲಿ. ನಾವು ಅಲ್ಲಿಯವರೆಗೆ ಹೋಗಿದ್ದು ನೋಡುವವರಾಗಿ ಮಾತ್ರ.

ಜೂನಿಯರ್ ವಾರ್ಸಿಟಿ ಓಟದಲ್ಲಿ ಮೊದಲು ಬಂದವರು ಬಟ್ಟೆ ಬದಲಿಸಿ ಮನೆಗೆ ಹೊರಡುವುದಿಲ್ಲ. ಗುರಿಯ ಹತ್ತಿರ ಹಗ್ಗದ ಆಚೆ ನಿಂತು ಕೊನೆಯ ಹುಡುಗಿ ಬರುವವರೆಗೆ ಹೆಸರು ಹಿಡಿದು ಕೂಗುತ್ತಾರೆ. ಮೊದಲ ವರ್ಷ ಕೊನೆಯ ಹತ್ತರಲ್ಲಿ ಬರುತ್ತಿದ್ದವಳು ನನ್ನ ಮಗಳೇ. ಅವಳ ಹೆಸರನ್ನು ಇಲ್ಲಿನವರ ನಾಲಿಗೆ ಸರಿಯಾಗಿ ಹೊರಳಿಸುವುದಿಲ್ಲ. ತರಗತಿಯಲ್ಲಿ ಅವಳೇ ಅದನ್ನು ಎರಡಕ್ಷರಕ್ಕೆ ಮೊಟಕು ಮಾಡಿಕೊಂಡಿದ್ದಳು. ಆ ದಿನ ಹತ್ತು ಹದಿನೈದು ಹುಡುಗಿಯರು ಅವಳ ಪೂರ್ತಿ ಹೆಸರು ಕೂಗಿದರು, ದೀರ್ಘವೂ ಸೇರಿ. ಯಾರೋ ಅವಳನ್ನು ಕೇಳಿ ಕಲಿತು ಉಳಿದವರಿಗೆ ಹೇಳಿಕೊಟ್ಟಿದ್ದರಂತೆ. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ನಾನು ಏಳನೇ ತರಗತಿವರೆಗೆ ಖೋಖೋ ಆಡಿದವಳು. ಒಳ್ಳೆಯ ಓಟವಿತ್ತು. ಎಂಟನೇ ತರಗತಿಗೆ ಹೋದ ಮೇಲೆ ಇನ್ನು ಸಾಕು ಅಂದರು ಮನೆಯಲ್ಲಿ, ನಾನೂ ಸುಮ್ಮನಾದೆ. ಜಾಬ್ಸ್ ಓದು ಮುಗಿಸಿದ 1972 ಅಂದರೆ ಎಲ್ಲರೂ ಆ್ಯಪಲ್ ನೆನೆಯುತ್ತಾರೆ. ಅದೇ ವರ್ಷ ಜೂನ್ 23ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಟೈಟಲ್ ನೈನ್ ಅನ್ನುವ ಕಾನೂನಿಗೆ ಸಹಿ ಹಾಕಿದರು. ಕೇಂದ್ರ ಸರಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅನ್ನುವ ಕಾನೂನು. ಇಲ್ಲಿನ ಶಾಲೆಗಳಲ್ಲಿ ಹುಡುಗಿಯರ ತಂಡಗಳು ಈಗಿನಷ್ಟು ಬೆಳೆದದ್ದು ಅದರ ಬಲದಿಂದ. ಆ ವರ್ಷದ ಎರಡು ಸಂಗತಿಗಳಲ್ಲಿ ನಮ್ಮ ಮನೆಗೆ ಹೆಚ್ಚು ಕೊಟ್ಟದ್ದು ಈ ಎರಡನೆಯದು.

ಖರ್ಚು, ಕಾಗದಪತ್ರದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಆಟಕ್ಕೆ ಸೇರುವ ಮುಂಚೆ ಡಾಕ್ಟರ ಹತ್ತಿರ ದೇಹಪರೀಕ್ಷೆ ಮಾಡಿಸಿ ಫಾರಂ ಹಾಕಬೇಕು. ಜುಲೈಯಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಆಗಸ್ಟಿನಲ್ಲಿ ಸಿಗುವುದಿಲ್ಲ. ಸರಾಸರಿ ಗ್ರೇಡ್ ನಾಲ್ಕಕ್ಕೆ 2.0ಗಿಂತ ಕೆಳಗಿಳಿದರೆ ಆಡುವಂತಿಲ್ಲ, ಇದು ರಾಜ್ಯದ ನಿಯಮ. ಪಬ್ಲಿಕ್ ಶಾಲೆಗಳು ಆಟಕ್ಕೆ ಕಡ್ಡಾಯ ಶುಲ್ಕ ಕೇಳುವಂತಿಲ್ಲ ಅಂತಲೂ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದೆ. ದೇಣಿಗೆ ಕೇಳುತ್ತಾರೆ, ಕೊಡಲೇಬೇಕೆಂದಿಲ್ಲ. ಆದರೂ ಕೈಲಾದಷ್ಟು ಕೊಡಿ, ದೂರದ ಓಟಗಳ ಬಸ್ಸು ಓಡುವುದು ಅದರಿಂದಲೂ ಹೌದು. ಬೂಟಿಗೆ ಮಾತ್ರ ಜಿಪುಣತನ ಮಾಡಬೇಡಿ. ನಾವು ಮೊದಲ ವರ್ಷ ಅಗ್ಗದ್ದು ಕೊಡಿಸಿ ಮೊಣಕಾಲಿನ ಕೆಳಗಿನ ಮೂಳೆ ನೋವು ತರಿಸಿದೆವು, ಮೂರು ವಾರ ಓಟವಿಲ್ಲ. ಆಮೇಲೆ 130 ಡಾಲರಿನದು, ಋತುವಿಗೊಂದು ಜೊತೆ.

ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಇಲ್ಲಿ ಕಾಡ್ಗಿಚ್ಚಿನ ಹೊಗೆಯ ಕಾಲ. ಗಾಳಿಯ ಮಾಲಿನ್ಯದ ಸೂಚ್ಯಂಕ 150 ದಾಟಿದರೆ ಹೊರಗೆ ಅಭ್ಯಾಸವಿಲ್ಲ. 2020ರ ಶರತ್ಕಾಲದಲ್ಲಿ ಹೊಗೆಯೂ ಇತ್ತು, ಕೊರೋನಾವೂ ಇತ್ತು, ಶಾಲೆ ಪರದೆಯ ಮೇಲೆ. ಓಟದ ಋತುವನ್ನು 2021ರ ಆರಂಭಕ್ಕೆ ತಳ್ಳಿದರು, ರಾಜ್ಯದ ಓಟ ನಡೆಯಲೇ ಇಲ್ಲ. ಆ ತಿಂಗಳುಗಳಲ್ಲಿ ಮಗಳು ಮತ್ತು ಇಬ್ಬರು ಗೆಳತಿಯರು ಶನಿವಾರ ಬೆಳಿಗ್ಗೆ ರಾಂಚೊ ಸ್ಯಾನ್ ಆಂಟೋನಿಯೊ ಗುಡ್ಡದಲ್ಲಿ ಆರಾರು ಅಡಿ ದೂರ ಬಿಟ್ಟು, ಮಾಸ್ಕು ಹಾಕಿಕೊಂಡು ಓಡುತ್ತಿದ್ದರು. ಮನೆಯಲ್ಲಿ ಮಾತೇ ಬಿಟ್ಟಿದ್ದ ಹುಡುಗಿ ಗುಡ್ಡ ಇಳಿದು ಬಂದಾಗ ಮಾತಾಡುತ್ತಿದ್ದಳು. ಆ ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಮೂರು ಜನರ ಓಟ ಅಂತ ನಾನು ನಂಬಿದ್ದೇನೆ.

ಓದಿನ ಬಗ್ಗೆ ಹೇಳದೆ ಹೋದರೆ ನಮ್ಮವರು ಬಿಡುವುದಿಲ್ಲ. ಓದು ಚೆನ್ನಾಗಿದೆ. ಕಾಲೇಜು ಮಟ್ಟದ, ಕಷ್ಟದ ಎಪಿ ಕೋರ್ಸುಗಳು ಬೇಕಾದಷ್ಟಿವೆ, ಮಕ್ಕಳೇ ತರುವ ‘ದಿ ಎಪಿಟಾಫ್’ ಪತ್ರಿಕೆಯನ್ನು ತಪ್ಪದೆ ಓದಿ. ಲಿನ್‌ಬ್ರೂಕ್, ಮೊಂಟಾ ವಿಸ್ಟಾಗಳ ರ‍್ಯಾಂಕು ಮೇಲೆ ಅಂತ ಅಲ್ಲಿಗೇ ಮನೆ ಹುಡುಕುವವರಿದ್ದಾರೆ. ಹುಡುಕಲಿ. ನನಗೆ ಇಲ್ಲಿ ಬೇರೆ ಬೇರೆ ಮನೆತನದ, ಬೇರೆ ಬೇರೆ ಆದಾಯದ ಮಕ್ಕಳು ಬೆರೆತಿರುವುದು ಹಿಡಿಸಿತು. ನಮ್ಮ ಮಗಳ ಗೆಳತಿಯರಲ್ಲಿ ಒಬ್ಬಳ ತಂದೆ ಹುಲ್ಲು ಕತ್ತರಿಸುವ ಕೆಲಸದವರು, ಇನ್ನೊಬ್ಬಳ ತಾಯಿ ಚಿಪ್ ವಿನ್ಯಾಸ ಮಾಡುವವರು. ಓಟದ ದಿನ ಇಬ್ಬರೂ ಒಂದೇ ತಂಪುಪೆಟ್ಟಿಗೆಯಿಂದ ಕಿತ್ತಳೆ ಹೋಳು ಹಂಚುತ್ತಿದ್ದರು.

ಹನ್ನೊಂದನೇ ತರಗತಿಯಲ್ಲಿ ಒಬ್ಬ ಕಾಲೇಜು ಕನ್ಸಲ್ಟಂಟ್ ಹತ್ತಿರ ಹೋಗಿದ್ದೆವು. ಗಂಟೆಗೆ ದುಡ್ಡು. ಅವರು ಅವಳ ಓಟದ ಸಮಯಗಳನ್ನು ನೋಡಿ, ಇದರಿಂದ ಯಾವ ಕಾಲೇಜಿಗೂ ಉಪಯೋಗವಿಲ್ಲ, ವಾರಕ್ಕೆ ಹನ್ನೆರಡು ಗಂಟೆ ದಂಡ, ಇದನ್ನು ನಿಲ್ಲಿಸಿ ಒಂದು ರಿಸರ್ಚ್ ಪ್ರಾಜೆಕ್ಟ್ ಹಿಡಿಯಲಿ ಅಂದರು. ನನ್ನ ಗಂಡ ತಲೆಯಾಡಿಸಿದರು. ನಾನೂ ಅರೆಮನಸ್ಸಿನಲ್ಲಿದ್ದೆ. ಕಾರಿನಲ್ಲಿ ಮಗಳು ಹೇಳಿದಳು: “ಅಮ್ಮ, ನಾನು ಎಲ್ಲದರಲ್ಲೂ ಚೆನ್ನಾಗಿರಬೇಕು ಅಂತಿಲ್ಲದ ಜಾಗ ಅದೊಂದೇ.” ಆಮೇಲೆ ಆ ಕನ್ಸಲ್ಟಂಟ್ ಹತ್ತಿರ ನಾವು ಹೋಗಲಿಲ್ಲ. ಈ ಊರಿಗೆ ಬರುವ ತಾಯ್ತಂದೆಯರಿಗೆ ಕೈಮುಗಿದು ಹೇಳುತ್ತೇನೆ, ಯಾರಾದರೂ ನಿಮ್ಮ ಮಗುವಿನ ಆಟವನ್ನು ಗಂಟೆಯ ಲೆಕ್ಕದಲ್ಲಿ ದಂಡ ಅಂದರೆ ಎದ್ದು ಬನ್ನಿ.

2022ರ ಶರತ್ಕಾಲ, ಕೊನೆಯ ವರ್ಷ. ಇಬ್ಬರಿಗೆ ಕಾಲು ಉಳುಕಿ ಏಳನೇ ಜಾಗ ಖಾಲಿಯಾಯಿತು, ಮಗಳಿಗೆ ವಾರ್ಸಿಟಿಯ ಹಸಿರು ಅಂಗಿ ಬಂತು. ಆ ರಾತ್ರಿ ಅದನ್ನು ಒಗೆದು, ಒಣಗಿಸುವ ಯಂತ್ರಕ್ಕೆ ಹಾಕದೆ ಬಾಲ್ಕನಿಯಲ್ಲಿ ಹರವಿದೆ. ಅದೇ ಕ್ರಿಸ್ಟಲ್ ಸ್ಪ್ರಿಂಗ್ಸ್. ಕೊನೆಯ ಏರಿನಲ್ಲಿ ಅವಳ ಮುಂದೆ ಎದುರು ತಂಡದ ಒಬ್ಬಳಿದ್ದಳು, ಎಣಿಸಿ ನೋಡಿದೆ, ಅವರ ಐದನೆಯವಳು. ಇವಳು ತಲೆ ಎತ್ತಲೇ ಇಲ್ಲ. ಕೈ ಬೀಸುವುದು ಮಾತ್ರ ಕಾಣುತ್ತಿತ್ತು. ಗುರಿಗೆ ಇಪ್ಪತ್ತು ಹೆಜ್ಜೆ ಇರುವಾಗ ಒಂದು ಭುಜ ಮುಂದೆ ಬಂತು.

ನಮ್ಮ ತಂಡ ಆ ತಂಡಕ್ಕೆ ಸೋತಿತು, ನಾಲ್ಕು ಅಂಕದಿಂದ. ಮಗಳು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದಳು, ಹುಬ್ಬಿನವರೆಗೆ ಧೂಳು. ನೀರಿನ ಬಾಟಲಿ ಕೊಟ್ಟೆ. ಕುಡಿಯುವ ಮೊದಲು ಬೆರಳು ಮಡಿಸಿ ಲೆಕ್ಕ ಹಾಕಿದಳು.

“ಅಮ್ಮ, ಐದರಲ್ಲಿ ಸೋಲಬೇಕಿತ್ತು. ನಾಲ್ಕರಲ್ಲಿ ಸೋತ್ವಿ.”